ಹಳೆ ಪಿಕಪ್ ಮಿಸ್ಸಿಂಗ್ ಹೊಡೆಯುತ್ತಿದೆಯೇ? ಪಂಪ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

"ಗಾಡಿ ಮಿಸ್ಸಿಂಗ್ ಹೊಡಿಲತ್ತದ್ರಿ, ಏರಿನ್ಯಾಗ ಎಳೀವಲ್ದು." ತೊಗರಿ ರಾಶಿಯ ಕಾಲದಲ್ಲಿ ಕಲಬುರಗಿ ಗಂಜಿನ (ಧಾನ್ಯ ಮಾರುಕಟ್ಟೆಯ) ಸುತ್ತಮುತ್ತ ಈ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಮಿಸ್ಸಿಂಗ್ ಅಂದರೆ ಎಂಜಿನ್‌ನ ಯಾವುದೋ ಸಿಲಿಂಡರ್‌ನಲ್ಲಿ ಡೀಸೆಲ್ ಸರಿಯಾಗಿ ಹೊತ್ತಿಕೊಳ್ಳದೆ ಏಟು ತಪ್ಪುವುದು. ಜೇವರ್ಗಿ, ಆಳಂದ, ಚಿತ್ತಾಪುರ, ಸೇಡಂ ಕಡೆಯಿಂದ ಚೀಲ ಹೇರಿಕೊಂಡು ಬರುವ ಪಿಕಪ್‌ಗಳಲ್ಲಿ ಹಳೆಯವೇ ಜಾಸ್ತಿ. ವರ್ಷವಿಡೀ ಹೇಗೋ ಓಡಿದ ಗಾಡಿ ಪೂರ್ತಿ ಲೋಡ್ ಬಿದ್ದ ದಿನ ತನ್ನ ಬಣ್ಣ ತೋರಿಸುತ್ತದೆ. ಗ್ಯಾರೇಜಿಗೆ ಹೋದರೆ ಬಹಳ ಸಲ ಬರುವ ಮೊದಲ ಮಾತು: "ಪಂಪ್ ಹೋಗಿದೆ, ಬಿಚ್ಚಬೇಕು."

ಪಂಪ್ ಅಂದರೆ ಇಲ್ಲಿ ಡೀಸೆಲನ್ನು ಒತ್ತಡದಲ್ಲಿ ಸಿಲಿಂಡರ್‌ಗಳಿಗೆ ಕಳಿಸುವ ಪಂಪ್. ಅದನ್ನು ಬಿಚ್ಚುವುದು ಅಂದರೆ ಸಾವಿರಗಟ್ಟಲೆ ಖರ್ಚು. ಸೀಸನ್‌ನಲ್ಲಿ ಗಾಡಿ ನಿಂತರೆ ಬಾಡಿಗೆಯೂ ಹೋಯಿತು. ಆದರೆ ಪಂಪ್ ಕೊನೆಗೆ ಅನುಮಾನಪಡಬೇಕಾದ ಭಾಗ. ಅದಕ್ಕಿಂತ ಮೊದಲು ನೋಡಬೇಕಾದ್ದು ಪೈಪಿನೊಳಗಿನ ಗಾಳಿ, ಡೀಸೆಲ್‌ನಲ್ಲಿರುವ ನೀರು, ಒಂದು ತಾಮ್ರದ ವಾಷರ್, ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಒಂದು ನಾಜಲ್, ವಾಲ್ವ್‌ಗಳ ಸಂದಿ ಹೊಂದಿಸುವ ಟ್ಯಾಪೆಟ್. ಇವುಗಳಲ್ಲಿ ಅರ್ಧದಷ್ಟನ್ನು ನೀವೇ ನೋಡಬಹುದು. ಉಳಿದದ್ದಕ್ಕೆ ಮಿಸ್ತ್ರಿ ಬೇಕು. ಆದರೂ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಮೊದಲೇ ಗೊತ್ತಿದ್ದರೆ ಮಿಸ್ತ್ರಿಯ ಹತ್ತಿರ ಮಾತಾಡುವ ರೀತಿಯೇ ಬೇರೆ ಆಗುತ್ತದೆ, ಅಲ್ವಾ?

ನಿಮ್ಮ ಗಾಡಿ ಯಾವ ಜಾತಿಯದು?

ಮಿಸ್ಸಿಂಗ್ ಬಗ್ಗೆ ಫೋನಿನಲ್ಲಿ ಹುಡುಕಿದರೆ ಸಿಗುವ ವಿಡಿಯೋಗಳಲ್ಲಿ ಹೆಚ್ಚಿನವು ಪೆಟ್ರೋಲ್ ಗಾಡಿಯವು. ಸ್ಪಾರ್ಕ್ ಪ್ಲಗ್ ಬದಲಿಸಿ, ಕಾಯಿಲ್ ನೋಡಿ ಎನ್ನುತ್ತವೆ. ನಮ್ಮ ಕಡೆ ಓಡುವ ಹಳೆ ಬೊಲೆರೊ ಪಿಕಪ್, ಟಾಟಾ 207, ಮೊದಲಿನ ಟಾಟಾ ಏಸ್ ಎಲ್ಲವೂ ಡೀಸೆಲ್. ಇವುಗಳಲ್ಲಿ ಸ್ಪಾರ್ಕ್ ಪ್ಲಗ್ ಎಂಬುದೇ ಇಲ್ಲ. ಗಾಳಿಯನ್ನು ಗಟ್ಟಿಯಾಗಿ ಒತ್ತಿದಾಗ ಅದು ಕೆಂಡದಂತೆ ಕಾಯುತ್ತದೆ. ಆಗ ಡೀಸೆಲ್ ಮಂಜಿನ ಹಾಗೆ ಸಿಂಪಡಣೆಯಾದರೆ ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಡೀಸೆಲ್ ಗಾಡಿ ಮಿಸ್ ಹೊಡೆಯಲು ಮೂರೇ ದಾರಿ: ಗಾಳಿ ಸಾಕಷ್ಟು ಒತ್ತಿಕೊಳ್ಳುತ್ತಿಲ್ಲ, ಡೀಸೆಲ್ ಸರಿಯಾಗಿ ಬರುತ್ತಿಲ್ಲ, ಇಲ್ಲವೇ ಹೊತ್ತು ತಪ್ಪಿ ಬರುತ್ತಿದೆ.

2005ರಲ್ಲಿ ಬಂದ ಟಾಟಾ ಏಸ್‌ನದು 702 ಸಿಸಿಯ ಎರಡು ಸಿಲಿಂಡರ್ ಎಂಜಿನ್. ಅದರಲ್ಲಿ ಒಂದು ಸತ್ತರೆ ಅರ್ಧ ಶಕ್ತಿಯೇ ಹೋಯಿತು, ಕ್ಯಾಬಿನ್ ಪೂರಾ ನಡುಗುತ್ತದೆ. ಯಾರಿಗಾದರೂ ಗೊತ್ತಾಗುತ್ತದೆ. ನಾಲ್ಕು ಸಿಲಿಂಡರ್‌ನ ಗಾಡಿಯಲ್ಲಿ ಒಂದು ಸತ್ತರೂ ಮೂರರ ಮೇಲೆ ಓಡುತ್ತಲೇ ಇರುತ್ತದೆ. ಅದಕ್ಕೇ ಎಷ್ಟೋ ಡ್ರೈವರ್‌ಗಳು ತಿಂಗಳುಗಟ್ಟಲೆ ಹಾಗೆಯೇ ಓಡಿಸಿ, ಕೊನೆಗೆ ದೊಡ್ಡ ಕೆಲಸ ತಂದುಕೊಳ್ಳುತ್ತಾರೆ.

ಇನ್ನೊಂದು ಭೇದ ಇದಕ್ಕಿಂತ ಮುಖ್ಯ. ನಾಜಲ್‌ಗಳ ತಲೆಯ ಮೇಲೆ ವೈರ್ ಸಾಕೆಟ್ ಇದ್ದರೆ, ಎಂಜಿನ್ ಅಥವಾ ಬಾಡಿಯ ಮೇಲೆ ಸಿಆರ್‌ಡಿಇ, ಡಿಐಸಿಆರ್ ಎಂದೇನಾದರೂ ಬರೆದಿದ್ದರೆ ಅದು ಕಾಮನ್ ರೈಲ್ ಗಾಡಿ, ಅಂದರೆ ಎಲ್ಲ ನಾಜಲ್‌ಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗಿ, ಕಂಪ್ಯೂಟರ್ ಅದನ್ನು ನಿಯಂತ್ರಿಸುವ ಗಾಡಿ. ಬರೀ ಕಬ್ಬಿಣದ ಪೈಪ್ ಬಂದು ನಾಜಲ್‌ಗೆ ಸೇರಿದ್ದರೆ ಅದು ಹಳೆ ಮೆಕ್ಯಾನಿಕಲ್ ಪಂಪಿನದು. ಮುಂದೆ ಹೇಳುವ ಪೈಪ್ ಸಡಿಲಿಸುವ ಪರೀಕ್ಷೆ ಈ ಎರಡನೆಯದಕ್ಕೆ ಮಾತ್ರ. ಕಾಮನ್ ರೈಲ್‌ನಲ್ಲಿ ಒತ್ತಡ 1000 ಬಾರ್ ದಾಟುತ್ತದೆ. ಎಂಜಿನ್ ಓಡುತ್ತಿರುವಾಗ ಅದರ ಪೈಪಿಗೆ ಪಾನಾ ಹಾಕಲೇಬಾರದು. ಅದಕ್ಕೆ ಸ್ಕ್ಯಾನರ್ ಹಾಕಿಸಿ. ಅದರಲ್ಲಿ ಪಿ0301 ಎಂಬ ಕೋಡ್ ಬಂದರೆ ಒಂದನೇ ಸಿಲಿಂಡರ್, ಪಿ0302 ಬಂದರೆ ಎರಡನೆಯದು, ಪಿ0300 ಬಂದರೆ ಅಲ್ಲೊಂದು ಇಲ್ಲೊಂದು ಮಿಸ್ ಆಗುತ್ತಿದೆ ಎಂದರ್ಥ.

ಪಾನಾ ಹಿಡಿಯುವ ಮೊದಲು ಕಿವಿ, ಮೂಗು

ಐಡ್ಲಿಂಗ್‌ನಲ್ಲಿ ಬಿಟ್ಟು ಸೈಲೆನ್ಸರ್ ಬಾಯಿಯ ಹತ್ತಿರ ನಿಂತು ಕೇಳಿ. ಟಕ್ ಟಕ್ ಟಕ್... ಬಿಟ್ಟು, ಮತ್ತೆ ಟಕ್ ಟಕ್ ಟಕ್... ಬಿಟ್ಟು, ಹೀಗೆ ಒಂದೇ ತಾಳದಲ್ಲಿ ತಪ್ಪುತ್ತಿದ್ದರೆ ಒಂದು ಸಿಲಿಂಡರ್‌ನದೇ ತೊಂದರೆ. ತಾಳವೇ ಇಲ್ಲದೆ ಒಮ್ಮೆ ಏರಿ ಒಮ್ಮೆ ಇಳಿದು ಜೋಲಿ ಹೊಡೆಯುತ್ತಿದ್ದರೆ ಡೀಸೆಲ್ ಲೈನ್ ಗಾಳಿ ಎಳೆಯುತ್ತಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ ಎಂದು ಮೊದಲು ಅನುಮಾನಪಡಿ. ಈ ಒಂದು ವ್ಯತ್ಯಾಸ ಹಿಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಯಾವಾಗ ಮಿಸ್ ಆಗುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಬೆಳಿಗ್ಗೆ ಐದು ನಿಮಿಷ ನಡುಗಿ, ಬಿಳಿ ಹೊಗೆ ಬಿಟ್ಟು, ಬಿಸಿಯಾದ ಮೇಲೆ ಸರಿಹೋದರೆ ತಣ್ಣನೆ ಎಂಜಿನ್ನನ್ನು ಒಳಗಿಂದ ಕಾಯಿಸುವ ಹೀಟರ್ ಪ್ಲಗ್ ಸತ್ತಿರಬಹುದು ಅಥವಾ ಒಂದು ಸಿಲಿಂಡರ್‌ನ ಕಂಪ್ರೆಷನ್ (ಗಾಳಿ ಒತ್ತುವ ಬಲ) ಕಡಿಮೆಯಾಗುತ್ತಾ ಬಂದಿರಬಹುದು. ಬೀದರ್‌ನ ಚಳಿಗಾಲದ ಬೆಳಗುಗಳಲ್ಲಿ ಇದು ಎದ್ದು ಕಾಣುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಅದೇ ಗಾಡಿ ಏನೂ ಆಗಿಲ್ಲವೆಂಬಂತೆ ಇರುತ್ತದೆ. ಖಾಲಿ ಇದ್ದಾಗ ಚೆನ್ನಾಗಿದ್ದು, ಲೋಡ್ ಹಾಕಿ ಏರು ಹತ್ತುವಾಗ ಮಾತ್ರ ಉಸಿರು ಕಟ್ಟಿದರೆ ಡೀಸೆಲ್ ಸಾಕಾಗುತ್ತಿಲ್ಲ. ಫಿಲ್ಟರ್, ಟ್ಯಾಂಕ್, ಪೈಪ್ ಕಡೆ ನೋಡಿ.

ಹೊಗೆಯ ವಿಷಯ. ಬಿಳಿ ಹೊಗೆಯಲ್ಲಿ ಹಸಿ ಡೀಸೆಲ್ ವಾಸನೆ, ಕಣ್ಣು ಉರಿ ಇದ್ದರೆ ಡೀಸೆಲ್ ಸಿಲಿಂಡರ್ ಒಳಗೆ ಹೋಗುತ್ತಿದೆ, ಆದರೆ ಉರಿಯುತ್ತಿಲ್ಲ. ಬಿಳಿ ಹೊಗೆಯ ಜೊತೆ ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಕಡೆ ಗಮನ ಕೊಡಿ. ನೀಲಿ ಹೊಗೆ ಎಂಜಿನ್ ಆಯಿಲ್‌ನದು. ಕಪ್ಪು ಹೊಗೆಗೆ ಏರ್ ಫಿಲ್ಟರ್ ಮೊದಲು ಬಿಚ್ಚಿ ನೋಡಿ. ಶಹಾಬಾದ್ ಕಲ್ಲಿನ ಖಣಿಗಳಲ್ಲಿ, ರಾಶಿ ಕಣದ ಹೊಟ್ಟಿನಲ್ಲಿ ತಿರುಗುವ ಗಾಡಿಯ ಏರ್ ಫಿಲ್ಟರ್ ಕಂಪನಿ ಹೇಳಿದಷ್ಟು ಕಿಲೋಮೀಟರ್ ಬಾಳುವುದಿಲ್ಲ. ಅದನ್ನು ಸುಮ್ನೆ ಟೈರಿಗೆ ಬಡಿದು ಹಾಕುವ ಅಭ್ಯಾಸ ಬಿಡಿ. ಮಡಿಕೆ ಹರಿದರೆ ಧೂಳು ನೇರ ಸಿಲಿಂಡರ್‌ಗೆ ಹೋಗಿ ಪಿಸ್ಟನ್ ರಿಂಗ್ ತಿನ್ನುತ್ತದೆ. ಅಲ್ಲಿಂದ ಶುರುವಾಗುವ ಮಿಸ್ಸಿಂಗ್‌ಗೆ ಹೆಡ್ ಇಳಿಸದೆ ಗತಿಯಿಲ್ಲ.

ಟ್ಯಾಂಕಿನಿಂದ ಫಿಲ್ಟರ್‌ವರೆಗೆ

ಹೆಚ್ಚಿನ ಗಾಡಿಗಳ ಕಥೆ ಇಲ್ಲೇ ಮುಗಿಯುತ್ತದೆ. ಅದಕ್ಕೆ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲು ನೀರು. ಬಿತ್ತನೆ ಕಾಲದಲ್ಲಿ ಟ್ರ್ಯಾಕ್ಟರಿಗೆಂದು ಡ್ರಮ್‌ನಲ್ಲಿ ಡೀಸೆಲ್ ತಂದಿಟ್ಟು, ಅದರಲ್ಲೇ ಪಿಕಪ್‌ಗೂ ಹಾಕುವುದು ಹಳ್ಳಿಗಳಲ್ಲಿ ಮಾಮೂಲು. ಮಳೆಗಾಲದಲ್ಲಿ ಡ್ರಮ್ ಹೊರಗೆ ನಿಂತಿದ್ದರೆ ಮುಚ್ಚಳದ ಸಂದಿಯಿಂದ ನೀರು ಇಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳದಲ್ಲಿ ಕೂರುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಡೀಸೆಲ್ ಫಿಲ್ಟರ್‌ನ ಕೆಳಗಿರುವ ಡ್ರೈನ್ ತಿರುಪನ್ನು ಸಡಿಲಿಸಿ, ಒಂದು ಗಾಜಿನ ಲೋಟದಲ್ಲಿ ಸ್ವಲ್ಪ ಹಿಡಿಯಿರಿ. ಹತ್ತು ನಿಮಿಷ ಬಿಟ್ಟು ನೋಡಿ. ತಳದಲ್ಲಿ ಬೇರೆ ಗೆರೆ ಕಂಡರೆ ಅದು ನೀರು. ಶುದ್ಧ ಡೀಸೆಲ್ ಬರುವವರೆಗೆ ಬಿಡಿ. ನೀರು ಜಾಸ್ತಿ ಬಂದರೆ ಟ್ಯಾಂಕನ್ನೂ ಖಾಲಿ ಮಾಡಿಸಬೇಕು. ಇಲ್ಲದಿದ್ದರೆ ನಾಳೆ ಮತ್ತೆ ಅದೇ ಕಥೆ. ನಾಜಲ್ ತುದಿ, ಪಂಪಿನ ಒಳಭಾಗ ಎರಡೂ ನೀರಿಗೆ ತುಕ್ಕು ಹಿಡಿಯುತ್ತವೆ. ಹಾಗೆ ತುಕ್ಕು ಹಿಡಿದ ಮೇಲೆ "ಪಂಪ್ ಹೋಗಿದೆ" ಎಂಬ ಮಾತು ನಿಜವಾಗುತ್ತದೆ.

ಫಿಲ್ಟರ್ ಬದಲಿಸಿದ್ದು ಯಾವಾಗ ಎಂದು ನೆನಪಿಲ್ಲವಾ? ಹಾಗಾದರೆ ಈಗಲೇ ಬದಲಿಸಿ. ಮುಂದೆ ಯೋಚಿಸಬೇಡಿ.

ಆಮೇಲೆ ಗಾಳಿ. ಟ್ಯಾಂಕಿನಿಂದ ಫೀಡ್ ಪಂಪ್ (ಟ್ಯಾಂಕಿನ ಡೀಸೆಲನ್ನು ಎಳೆದು ಮುಂದೆ ಕಳಿಸುವ ಸಣ್ಣ ಪಂಪ್) ವರೆಗಿನ ಪೈಪಿನಲ್ಲಿ ಡೀಸೆಲ್ ಎಳೆತದಲ್ಲಿ ಬರುತ್ತದೆ. ಅಲ್ಲಿ ಸಣ್ಣ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಕೆಳಗೆ ಒಂದು ಹನಿಯೂ ಕಾಣದೆ ಗಾಡಿ ಏರ್ ಹಿಡಿಯುತ್ತದೆ. ನಮ್ಮ ಬಿಸಿಲಿಗೆ ರಬ್ಬರ್ ಪೈಪ್ ಗಟ್ಟಿಯಾಗಿ ಕ್ಲಿಪ್ ಕೆಳಗೆ ಸೀಳುತ್ತದೆ. ಪೈಪನ್ನು ಮಡಚಿ ನೋಡಿ, ಕೂದಲೆಳೆಯಷ್ಟು ಸೀಳು ಕಂಡರೂ ಬದಲಿಸಿ. ಪೈಪ್ ಸೇರಿಸುವ, ಒಳಗೆ ತೂತಿರುವ ಬ್ಯಾಂಜೋ ಬೋಲ್ಟ್‌ಗಳ ಎರಡೂ ಬದಿಯ ತಾಮ್ರದ ವಾಷರ್ ಒಮ್ಮೆ ಒತ್ತಿದ ಮೇಲೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಫಿಲ್ಟರ್ ಬದಲಿಸುವಾಗ ಹಳೆ ವಾಷರನ್ನೇ ಹಾಕಿ ಬಿಗಿ ಮಾಡುವುದು ಎಲ್ಲ ಕಡೆ ನಡೆಯುತ್ತದೆ. ಚಿತ್ತಾಪುರದ ಕಡೆಯ ಒಬ್ಬ ಡ್ರೈವರ್ ಗಾಡಿಯ ಪಂಪನ್ನು ಒಂದು ಗ್ಯಾರೇಜಿನಲ್ಲಿ ಇಳಿಸಿ, ಕ್ಯಾಲಿಬ್ರೇಷನ್ ಮಾಡಿಸಿ, ಮತ್ತೆ ಏರಿಸಿದ್ದರು. ಮಿಸ್ಸಿಂಗ್ ಹಾಗೇ ಇತ್ತು. ಕಡೆಗೆ ಸಿಕ್ಕಿದ್ದು ಫಿಲ್ಟರ್ ತಲೆಯ ಮೇಲಿನ ಒಂದು ಸವೆದ ವಾಷರ್. ಒಂದು ಕಪ್ ಚಹಾದ ದುಡ್ಡಿನ ಸಾಮಾನು.

ಗಾಳಿ ಎಳೆಯುತ್ತಿದೆಯೇ ಎಂದು ಕಣ್ಣಾರೆ ನೋಡುವುದಕ್ಕೆ ಫಿಲ್ಟರ್‌ನಿಂದ ಪಂಪಿಗೆ ಹೋಗುವ ಪೈಪಿನ ಜಾಗಕ್ಕೆ, ಪರೀಕ್ಷೆಯ ಮಟ್ಟಿಗೆ, ಒಳಗೆ ಕಾಣುವ ಪ್ಲಾಸ್ಟಿಕ್ ಪೈಪ್ ಹಾಕಿ ಎಂಜಿನ್ ಓಡಿಸಿ. ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದರೆ ಉತ್ತರ ಸಿಕ್ಕಿತು. ಇನ್ನೂ ಖಾತ್ರಿಯಾದ ದಾರಿ ಕ್ಯಾನ್ ಪರೀಕ್ಷೆ. ಸೋಸಿದ ಡೀಸೆಲ್ ತುಂಬಿದ ಕ್ಯಾನನ್ನು ಪಂಪಿಗಿಂತ ಎತ್ತರದಲ್ಲಿ, ಸೈಲೆನ್ಸರ್ ಪೈಪಿನಿಂದ ದೂರ, ಬೀಳದ ಹಾಗೆ ಕಟ್ಟಿ. ಟ್ಯಾಂಕಿನ ಪೈಪ್ ಬಿಡಿಸಿ, ಹೊಸ ಪೈಪಿನಲ್ಲಿ ಕ್ಯಾನಿನಿಂದ ನೇರ ಫೀಡ್ ಪಂಪಿಗೆ ಕೊಡಿ. ಏರ್ ತೆಗೆದು (ಹೇಗೆಂದು ಕೆಳಗೆ ಹೇಳಿದೆ) ಎಂಜಿನ್ ಓಡಿಸಿ. ಮಿಸ್ಸಿಂಗ್ ನಿಂತರೆ ತಪ್ಪು ಟ್ಯಾಂಕ್ ಮತ್ತು ಅದರ ಪೈಪಿನದು. ಪಂಪ್, ನಾಜಲ್ ಎರಡೂ ನಿರಪರಾಧಿಗಳು.

ಟ್ಯಾಂಕಿನ ಮುಚ್ಚಳವನ್ನು ಮರೆಯಬೇಡಿ. ಅದರಲ್ಲಿ ಗಾಳಿ ಆಡಲು ಸಣ್ಣ ದಾರಿ ಇರುತ್ತದೆ. ಧೂಳು ಕಟ್ಟಿ ಅದು ಮುಚ್ಚಿದರೆ ಟ್ಯಾಂಕಿನೊಳಗೆ ಎಳೆತ ಹುಟ್ಟಿ ಡೀಸೆಲ್ ಬರುವುದು ಕಡಿಮೆಯಾಗುತ್ತದೆ. ಗಂಟೆಗಟ್ಟಲೆ ಓಡಿದ ಮೇಲೆ ಮಾತ್ರ ಮಿಸ್ ಹೊಡೆದು, ನಿಲ್ಲಿಸಿ ಚಹಾ ಕುಡಿದು ಬಂದರೆ ಸರಿಹೋಗುವ ಗಾಡಿಗಳಲ್ಲಿ ಇದನ್ನು ನೋಡಲೇಬೇಕು. ಮಿಸ್ ಆದ ತಕ್ಷಣ ಬದಿಗೆ ನಿಲ್ಲಿಸಿ ಮುಚ್ಚಳ ತಿರುಗಿಸಿ. ಉಸ್ ಎಂದು ಗಾಳಿ ಒಳಗೆ ಹೋದ ಸದ್ದು ಬಂದರೆ ಅದೇ ಕಳ್ಳ.

ಇದೆಲ್ಲ ಆದ ಮೇಲೆ ಏರ್ ತೆಗೆಯಿರಿ. ಫಿಲ್ಟರ್ ತಲೆಯ ಬ್ಲೀಡ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಸೆಲ್ಫ್ ಒಂದೇ ಸಮನೆ ಹೊಡೆಯಬೇಡಿ, ಹತ್ತು ಹದಿನೈದು ಸೆಕೆಂಡಿಗೆ ಬಿಟ್ಟು ಬಿಟ್ಟು ಹೊಡೆಯಿರಿ.

ಯಾವ ಸಿಲಿಂಡರ್ ಸತ್ತಿದೆ?

ಡೀಸೆಲ್ ಸರಿಯಾಗಿ ಬರುತ್ತಿದ್ದೂ ತಾಳ ಹಿಡಿದು ಮಿಸ್ ಆಗುತ್ತಿದ್ದರೆ ಈಗ ಈ ಪರೀಕ್ಷೆ. ಮತ್ತೊಮ್ಮೆ ಹೇಳುತ್ತೇನೆ, ಹಳೆ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಮಾತ್ರ. ಇಂಥ ಗಾಡಿಯ ನಾಜಲ್ ಕೂಡ ಸುಮಾರು 200 ಬಾರ್ ಒತ್ತಡದಲ್ಲಿ ತೆರೆಯುತ್ತದೆ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗಬಲ್ಲದು. ಕನ್ನಡಕ ಹಾಕಿ, ನಟ್ ಮೇಲೆ ದಪ್ಪ ಬಟ್ಟೆ ಮುಚ್ಚಿ, ಬೆರಳನ್ನು ಯಾವತ್ತೂ ಅಡ್ಡ ಹಿಡಿಯಬೇಡಿ. ಹಾಗೇನಾದರೂ ತಾಗಿದರೆ ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆ ಎಂದು ಬಾಯಿಬಿಟ್ಟು ಹೇಳಿ. ಒಳಗೆ ಕೊಳೆತು ಬೆರಳೇ ಕಳೆದುಕೊಳ್ಳುವ ಸಂಗತಿ ಅದು. ಅರಿಶಿನ ಹಚ್ಚಿ ಸುಮ್ಮನೆ ಕೂರುವ ಗಾಯವಲ್ಲ.

ಎಂಜಿನ್ ಐಡ್ಲಿಂಗ್‌ನಲ್ಲಿರಲಿ. ನಾಜಲ್‌ಗೆ ಬರುವ ಪೈಪಿನ ನಟ್ಟನ್ನು, ಒಂದು ಸಲಕ್ಕೆ ಒಂದರಂತೆ, ಅರ್ಧ ಸುತ್ತು ಸಡಿಲಿಸಿ. ಆ ಸಿಲಿಂಡರ್ ದುಡಿಯುತ್ತಿದ್ದರೆ ಎಂಜಿನ್ ಸದ್ದು ತಕ್ಷಣ ಕುಗ್ಗಿ ನಡುಕ ಹೆಚ್ಚುತ್ತದೆ. ಬಿಗಿ ಮಾಡಿ, ಮುಂದಿನದಕ್ಕೆ ಹೋಗಿ. ಸಡಿಲಿಸಿದರೂ ಸದ್ದಿನಲ್ಲಿ ಏನೂ ಬದಲಾಗದಿದ್ದರೆ ಅದೇ ಸತ್ತ ಸಿಲಿಂಡರ್. ಸಾಮಾನ್ಯವಾಗಿ ರೇಡಿಯೇಟರ್ ಕಡೆಯಿಂದ ಒಂದನೇದು ಎಂದು ಎಣಿಸುತ್ತಾರೆ. ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಿ.

ಸಡಿಲಿಸಿದಾಗ ಬಟ್ಟೆ ಎಷ್ಟು ಒದ್ದೆಯಾಗುತ್ತದೆ ಎಂಬುದನ್ನೂ ನೋಡಿ. ಉಳಿದ ಪೈಪ್‌ಗಳಷ್ಟೇ ಡೀಸೆಲ್ ಇಲ್ಲಿಯೂ ಬಂದರೆ ಪಂಪ್ ತನ್ನ ಕೆಲಸ ಮಾಡುತ್ತಿದೆ, ತಪ್ಪು ನಾಜಲ್‌ನದು ಅಥವಾ ಕಂಪ್ರೆಷನ್‌ನದು. ಒಂದರಲ್ಲಿ ಮಾತ್ರ ಬರುವುದೇ ಇಲ್ಲ ಎಂದಾದರೆ ಪಂಪಿನ ಮಾತು ಎತ್ತಬಹುದು.

ನಾಜಲ್ ಅದಲುಬದಲು

ಸತ್ತ ಸಿಲಿಂಡರ್‌ನ ನಾಜಲನ್ನೂ ಪಕ್ಕದ್ದನ್ನೂ ಬಿಚ್ಚಿ ಜಾಗ ಬದಲಿಸಿ. ಮತ್ತೆ ಪೈಪ್ ಪರೀಕ್ಷೆ ಮಾಡಿ. ಮಿಸ್ಸಿಂಗ್ ನಾಜಲ್ ಜೊತೆಗೆ ಪಕ್ಕದ ಸಿಲಿಂಡರ್‌ಗೆ ಹೋದರೆ ನಾಜಲ್ ಕೆಟ್ಟಿದೆ. ಅಲ್ಲೇ ಉಳಿದರೆ ನಾಜಲ್ ಚೆನ್ನಾಗಿದೆ. ಒಂದು ಪೈಸೆಯ ಹೊಸ ಸಾಮಾನಿಲ್ಲದೆ ಇಷ್ಟು ಸ್ಪಷ್ಟ ಉತ್ತರ ಕೊಡುವ ಪರೀಕ್ಷೆ ಬೇರೆ ಇಲ್ಲ. ಆದರೂ ಇದನ್ನು ಮಾಡುವವರು ಕಡಿಮೆ, ಯಾಕೋ ಗೊತ್ತಿಲ್ಲ.

ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಬ್ರಷ್ ಮತ್ತು ಗಾಳಿಯಿಂದ ಪೂರ್ತಿ ತೆಗೆಯಿರಿ. ನಮ್ಮ ಎರೆಮಣ್ಣಿನ ಧೂಳು ಹಿಟ್ಟಿಗಿಂತ ನುಣುಪು, ಎಲ್ಲಿ ಬೇಕಾದರೂ ನುಗ್ಗುತ್ತದೆ. ಬಿಚ್ಚಿದ ಪೈಪಿನ ಬಾಯಿಗೆ ಮುಚ್ಚಳ ಹಾಕಿ. ನಾಜಲ್ ಕೆಳಗಿನ ತಾಮ್ರದ ವಾಷರ್ ಪ್ರತಿ ಸಲ ಹೊಸದೇ ಇರಲಿ. ಹಳೆಯದು ಒಳಗೇ ಅಂಟಿಕೊಂಡಿದ್ದರೆ ಕೊಕ್ಕೆ ಹಾಕಿ ತೆಗೆಯಿರಿ. ಎರಡು ವಾಷರ್ ಒಂದರ ಮೇಲೊಂದು ಕೂತರೆ ನಾಜಲ್ ಮೇಲೆದ್ದು ಸಿಂಪಡಣೆಯ ಜಾಗವೇ ತಪ್ಪುತ್ತದೆ. ಕ್ಲಾಂಪಿನ ಎರಡೂ ನಟ್ಟನ್ನು ಸ್ವಲ್ಪ ಸ್ವಲ್ಪವೇ, ಸಮನಾಗಿ ಬಿಗಿ ಮಾಡಿ.

ಕೆಟ್ಟ ನಾಜಲನ್ನು ಡೀಸೆಲ್ ಪಂಪ್ ಕೆಲಸದ ಅಂಗಡಿಗೆ ಒಯ್ಯಿರಿ, ಟೆಸ್ಟ್ ಮೆಷಿನ್ ಮೇಲೆ ಹಾಕುವಾಗ ಎದುರಿಗೇ ನಿಲ್ಲಿ. ಒತ್ತಡ ಕಂಪನಿ ಹೇಳಿದಷ್ಟಿರಬೇಕು. ಮಂಜಿನಂತೆ ಸಮನಾಗಿ ಸಿಡಿಯಬೇಕು. ಸಿಡಿದ ಮೇಲೆ ತುದಿಯಲ್ಲಿ ಹನಿ ನಿಲ್ಲಬಾರದು. ಹನಿ ನಿಂತರೆ ಆ ನಾಜಲ್ ಪಿಸ್ಟನ್ ತಲೆಯನ್ನೇ ಸುಡಬಲ್ಲದು. ಬೇರೆ ಮೂರು ನಾಜಲ್‌ಗೂ ಅಷ್ಟೇ ವಯಸ್ಸಾಗಿರುತ್ತದೆ, ಅವನ್ನೂ ಅದೇ ದಿನ ಟೆಸ್ಟ್ ಮಾಡಿಸಿ.

ಟ್ಯಾಪೆಟ್, ಕಂಪ್ರೆಷನ್

ನಾಜಲ್ ಬದಲಿಸಿದರೂ ಮಿಸ್ಸಿಂಗ್ ಜಾಗ ಬಿಡದಿದ್ದರೆ ಕಂಪ್ರೆಷನ್ ಗೇಜ್ ತರಿಸುವ ಮೊದಲು ಟ್ಯಾಪೆಟ್ ನೋಡಿ. ಸಂದಿ ಪೂರ್ತಿ ಮುಚ್ಚಿಹೋಗಿದ್ದರೆ ವಾಲ್ವ್ ಸೀಟಿನ ಮೇಲೆ ಕೂರುವುದಿಲ್ಲ, ಗಾಳಿ ಒತ್ತಿಕೊಳ್ಳುವುದಿಲ್ಲ. ಹೀಗೇ ಓಡಿಸಿದರೆ ವಾಲ್ವ್ ಸುಟ್ಟುಹೋಗುತ್ತದೆ. ಅಳತೆ ಗಾಡಿಯಿಂದ ಗಾಡಿಗೆ ಬೇರೆ. ತಣ್ಣಗಿದ್ದಾಗಲೋ ಬಿಸಿ ಇದ್ದಾಗಲೋ ಎಂಬುದನ್ನೂ ಕೈಪಿಡಿ ಹೇಳುತ್ತದೆ, ಅದರ ಪ್ರಕಾರವೇ ಸಂದಿ ಅಳೆಯುವ ತೆಳು ತಗಡಿನ ಫೀಲರ್ ಗೇಜ್ ಹಾಕಿ. 1-3-4-2 ಕ್ರಮದಲ್ಲಿ ಹೊತ್ತುವ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ನಾಲ್ಕನೆಯದರ ಎರಡೂ ವಾಲ್ವ್ ಒಟ್ಟಿಗೆ ಆಡುವ ಹೊತ್ತಿಗೆ ಒಂದನೆಯದರ ಟ್ಯಾಪೆಟ್ ಹೊಂದಿಸಬೇಕು. ಮೂರಕ್ಕೆ ಎರಡು, ಎರಡಕ್ಕೆ ಮೂರು ಜೋಡಿ. ಕಣ್ಣಳತೆಯಲ್ಲಿ ಹೊಂದಿಸುವ ಉಸ್ತಾದರು ಇದ್ದಾರೆ. ನಾನಂತೂ ಗೇಜ್ ಇಲ್ಲದೆ ಒಪ್ಪುವುದಿಲ್ಲ.

ಕಂಪ್ರೆಷನ್ ಬಗ್ಗೆ ಒಂದು ಅಂದಾಜು ಕಿವಿಯಿಂದಲೇ ಸಿಗುತ್ತದೆ. ಸ್ಟಾಪ್ ಕೇಬಲ್ ಎಳೆದಿಟ್ಟು, ಎಂಜಿನ್ ಸ್ಟಾರ್ಟ್ ಆಗದ ಹಾಗೆ ಸೆಲ್ಫ್ ಹೊಡೆಯಿರಿ. ಸದ್ದು ಸಮನಾಗಿದ್ದರೆ ಸರಿ. ಪ್ರತಿ ಸುತ್ತಿನಲ್ಲಿ ಒಂದು ಕಡೆ ಮಾತ್ರ ಹಗುರಾಗಿ ಓಡಿದರೆ ಒಂದು ಸಿಲಿಂಡರ್ ಸೋತಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಐಡ್ಲಿಂಗ್‌ನಲ್ಲಿ ನೋಡಿ. ಬುಸ್ ಬುಸ್ ಎಂದು ಹೊಗೆ ತಳ್ಳುತ್ತಿದ್ದರೆ ರಿಂಗ್ ಸವೆದಿವೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ಸ್ಟಾರ್ಟ್ ಮಾಡಿದ ತಕ್ಷಣ ನೀರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಸತ್ತಿದ್ದರೂ ಗ್ಯಾಸ್ಕೆಟ್ ನಡುವೆ ಸುಟ್ಟಿರುವ ಸಾಧ್ಯತೆ ದೊಡ್ಡದು. ಗೇಜ್ ಹಾಕಿಸುವುದಾದರೆ ಡೀಸೆಲ್‌ನದೇ ಗೇಜ್ ಬೇಕು, ಪೆಟ್ರೋಲ್ ಗಾಡಿಯ ಗೇಜ್ ಈ ಒತ್ತಡ ತಡೆಯುವುದಿಲ್ಲ.

ಇಷ್ಟಾದ ಮೇಲೆ ಪಂಪ್. ಒಂದು ಪೈಪಿನಲ್ಲಿ ಮಾತ್ರ ಡೀಸೆಲ್ ಬಾರದಿದ್ದರೆ ಇಳಿಸಲಿ. ಇತ್ತೀಚೆಗೆ ಪಂಪ್ ಇಳಿಸಿ ಏರಿಸಿದ್ದು, ಆಮೇಲೆಯೇ ಮಿಸ್ಸಿಂಗ್ ಶುರುವಾಗಿದ್ದರೆ ಟೈಮಿಂಗ್ ಗುರುತು ಕೂಡಿದೆಯೇ, ಪೈಪ್‌ಗಳು ತಮ್ಮ ತಮ್ಮ ಸಿಲಿಂಡರ್‌ಗೇ ಹೋಗಿವೆಯೇ ಎಂದು ನೋಡಿಸಿ.

ಪೆಟ್ರೋಲ್, ಸಿಎನ್‌ಜಿ ಗಾಡಿ ಇದ್ದವರಿಗೆ ಎರಡು ಮಾತು. ನಿಮ್ಮದು ಪ್ಲಗ್‌ನಿಂದಲೇ ಶುರು. ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟರೆ ಒದ್ದೆಯಾದದ್ದು, ಮಸಿ ಹಿಡಿದದ್ದು ಎದ್ದು ಕಾಣುತ್ತದೆ. ಆ ಪ್ಲಗ್ಗನ್ನೂ ಕಾಯಿಲನ್ನೂ ಬೇರೆ ಸಿಲಿಂಡರ್‌ಗೆ ಹಾಕಿ ನೋಡುವ ಅದೇ ಉಪಾಯ ಇಲ್ಲಿಯೂ ನಡೆಯುತ್ತದೆ. ಎಂಜಿನ್ ಓಡುವಾಗ ಪ್ಲಗ್ ವೈರನ್ನು ಕೈಯಿಂದ ಕೀಳಬೇಡಿ, ಶಾಕ್ ಜೋರಾಗಿ ಹೊಡೆಯುತ್ತದೆ. ಸಿಎನ್‌ಜಿಯಲ್ಲಿ ಮಾತ್ರ ಮಿಸ್ ಆಗಿ ಪೆಟ್ರೋಲ್‌ನಲ್ಲಿ ಸರಿಯಾಗಿದ್ದರೂ ಪ್ಲಗ್ ಮೇಲೆ ಅನುಮಾನ ಇರಲಿ, ಸಿಎನ್‌ಜಿಗೆ ಕಿಡಿ ಇನ್ನಷ್ಟು ಗಟ್ಟಿ ಬೇಕು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಲೋಡ್ ಇದೆ, ಹೀಗೇ ಊರು ಮುಟ್ಟಿಸಬಹುದಾ? ಗಾಳಿ ಎಳೆಯುತ್ತಿರುವ ಗಾಡಿಯಾದರೆ ಏರ್ ತೆಗೆದು, ಪೈಪ್ ಬಿಗಿ ಮಾಡಿ ನಿಧಾನ ಹೋಗಬಹುದು. ಸಿಲಿಂಡರ್ ಸತ್ತಿದ್ದರೆ ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ. ಉರಿಯದ ಡೀಸೆಲ್ ಗೋಡೆಯಿಂದ ಜಾರಿ ಆಯಿಲ್‌ಗೆ ಸೇರುತ್ತದೆ. ಮಟ್ಟ ಗುರುತಿಗಿಂತ ಮೇಲೆ ಬಂದು, ಆಯಿಲ್ ತೆಳುವಾಗಿ, ಡೀಸೆಲ್ ವಾಸನೆ ಹೊಡೆದರೆ ಬೇರಿಂಗ್‌ಗಳಿಗೆ ಕಾವಲೇ ಇಲ್ಲದಂತಾಗಿದೆ. ಆಯಿಲ್ ತೀರಾ ಏರಿದರೆ ಎಂಜಿನ್ ಅದನ್ನೇ ಕುಡಿದು, ಕೀ ತೆಗೆದರೂ ನಿಲ್ಲದೆ ರೇಸ್ ಆಗುವುದೂ ಉಂಟು. ಅಂಥ ಗಾಡಿಯ ಲೋಡನ್ನು ಬೇರೆ ಗಾಡಿಗೆ ಹಾಕಿ, ಇದನ್ನು ಎಳೆಸಿಕೊಂಡು ಹೋಗಿ. ರಿಪೇರಿ ಮುಗಿದ ದಿನವೇ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿ. ಮೊದಲ ಲೋಡ್ ಇಳಿಸಿ ಬಂದು ತಣ್ಣಗಾದ ಮೇಲೆ ಬಾನೆಟ್ ಎತ್ತಿ ಪೈಪ್ ನಟ್‌ಗಳ ಸುತ್ತ ಒಣ ಬಟ್ಟೆ ಆಡಿಸಿ ನೋಡಿ. ಎಲ್ಲಾದರೂ ಒದ್ದೆ ಅಂಟಿದರೆ ಅಷ್ಟನ್ನು ಬಿಗಿ ಮಾಡಿಸಿ.